ಕಿವಿಯೋ, ಕಡತವೋ: ಖಾಲಿ ತರಂಗಾಂತರ ಹುಡುಕಿದವರ ಕಥೆ

ಇಪ್ಪತ್ತನೆಯ ಶತಮಾನದಲ್ಲಿ ಸಮುದ್ರಯಾನ ಮಾಡುತ್ತಿದ್ದ ಹಡಗುಗಳ ರೇಡಿಯೊ ಕೋಣೆಯಲ್ಲಿ ಒಂದು ವಿಶೇಷ ಗೋಡೆ ಗಡಿಯಾರ ಇರುತ್ತಿತ್ತು. ಅದರ ಮುಖದ ಮೇಲೆ ಎರಡು ಕಡೆ ಕೆಂಪು ಪಟ್ಟಿ: ಒಂದು 15ನೇ ನಿಮಿಷದಿಂದ 18ರವರೆಗೆ, ಇನ್ನೊಂದು 45ರಿಂದ 48ರವರೆಗೆ. ನಿಮಿಷದ ಮುಳ್ಳು ಆ ಕೆಂಪನ್ನು ಮುಟ್ಟಿದ ಕೂಡಲೇ 500 ಕಿಲೊಹರ್ಟ್ಸ್‌ನಲ್ಲಿ ಸಂದೇಶ ಕಳಿಸುತ್ತಿದ್ದವರೆಲ್ಲ ಮೋರ್ಸ್ ಕೀಲಿಯಿಂದ ಕೈ ತೆಗೆಯಬೇಕು. ಎಷ್ಟೇ ಅವಸರದ ವ್ಯಾಪಾರದ ಸುದ್ದಿಯಿರಲಿ, ಮೂರು ನಿಮಿಷ ತಡೆದು, ಹೆಡ್‌ಫೋನ್ ಕಿವಿಗೊತ್ತಿಕೊಂಡು ಕೂರಬೇಕು. 1999ರ ಫೆಬ್ರುವರಿ 1ರಂದು ಉಪಗ್ರಹ ಆಧಾರಿತ ಹೊಸ ರಕ್ಷಣಾ ವ್ಯವಸ್ಥೆ ಪೂರ್ತಿಯಾಗಿ ಜಾರಿಗೆ ಬರುವ ತನಕವೂ ಹಡಗುಗಳ ಪಾಲಿಗೆ ಈ ಶಿಸ್ತಿಗೆ ಬೆಲೆಯಿತ್ತು.

ಇದರ ಹಿಂದಿನ ತರ್ಕ ಸರಳ. ಪಕ್ಕದ ಹಡಗು ಜೋರಾಗಿ ಕೀಲಿ ಕುಟ್ಟುತ್ತಿದ್ದರೆ ದೂರದಲ್ಲಿ ಮುಳುಗುತ್ತಿರುವ ಹಡಗಿನ ಕ್ಷೀಣವಾದ ಎಸ್‌ಒಎಸ್ ಅದರಡಿ ಹೂತುಹೋಗುತ್ತದೆ. ಅದು ಯಾರಿಗಾದರೂ ಕೇಳಿಸಬೇಕೆಂದರೆ ಮಿಕ್ಕವರೆಲ್ಲ ಬಾಯಿ ಮುಚ್ಚಬೇಕು. ಇಂದು ಎಂಜಿನಿಯರುಗಳು ‘ಸ್ಪೆಕ್ಟ್ರಮ್ ಸೆನ್ಸಿಂಗ್’ ಎಂದು ಕರೆಯುವ ವಿದ್ಯೆಯ ಬೇರು ಇಲ್ಲಿದೆ. ಒಂದು ರೇಡಿಯೊ ತಾನು ಮಾತಾಡುವ ಮೊದಲು ಆ ತರಂಗಾಂತರದಲ್ಲಿ ಬೇರೆ ಯಾರಾದರೂ ಇದ್ದಾರೆಯೇ ಎಂದು ಆಲಿಸುವುದು, ಇದ್ದರೆ ಸುಮ್ಮನಾಗುವುದು, ಇಲ್ಲದಿದ್ದರೆ ಆ ಜಾಗ ಬಳಸಿಕೊಳ್ಳುವುದು, ಒಡೆಯ ಬಂದರೆ ಎದ್ದು ಹೋಗುವುದು: ಕಾಗ್ನಿಟಿವ್ ರೇಡಿಯೊ ಎಂಬ ಕಲ್ಪನೆಯ ತಿರುಳು ಇಷ್ಟೇ. ಹೇಳುವುದಕ್ಕೆ ಇಷ್ಟು ಸಲೀಸಾದ ಈ ಕೆಲಸವನ್ನು ಯಂತ್ರಕ್ಕೆ ಕಲಿಸಲು ಹೊರಟವರು ದಶಕಗಳ ಕಾಲ ಒಂದೇ ಪ್ರಶ್ನೆಗೆ ಮತ್ತೆ ಮತ್ತೆ ತಲೆ ಕೊಡಬೇಕಾಯಿತು. ನಂಬಬೇಕಾದ್ದು ಯಂತ್ರದ ಕಿವಿಯನ್ನೋ, ಸರ್ಕಾರದ ಕಡತವನ್ನೋ?

ಕಿವಿಯನ್ನೇ ನಂಬಿದರೆ ಏನಾಗಬಹುದು ಎಂಬುದನ್ನು 1912ರ ಏಪ್ರಿಲ್ 14ರ ರಾತ್ರಿ ತೋರಿಸಿತ್ತು. ಟೈಟಾನಿಕ್‌ನಿಂದ ಬಹಳ ದೂರವೇನೂ ಇರದಿದ್ದ ಕ್ಯಾಲಿಫೋರ್ನಿಯನ್ ಹಡಗಿನಲ್ಲಿ ರೇಡಿಯೊ ನೋಡಿಕೊಳ್ಳುತ್ತಿದ್ದವನು ಸಿರಿಲ್ ಇವಾನ್ಸ್ ಎಂಬ ಒಬ್ಬನೇ ಯುವಕ. ಸುತ್ತ ಮಂಜುಗಡ್ಡೆ ಇದೆ ಎಂದು ಆತ ಟೈಟಾನಿಕ್‌ಗೆ ತಿಳಿಸಲು ಹೋದಾಗ, ಪ್ರಯಾಣಿಕರ ಸಂದೇಶಗಳನ್ನು ದಡಕ್ಕೆ ಕಳಿಸುವ ಗಡಿಬಿಡಿಯಲ್ಲಿದ್ದ ಅಲ್ಲಿನ ಆಪರೇಟರ್ ಅವನನ್ನು ಗದರಿ ಸುಮ್ಮನಾಗಿಸಿದ. ಇವಾನ್ಸ್ ಸ್ವಲ್ಪ ಹೊತ್ತು ನೋಡಿ ಯಂತ್ರ ಆರಿಸಿ ಮಲಗಿದ. ಅದಾಗಿ ಕೆಲವೇ ನಿಮಿಷಕ್ಕೆ, 11.40ಕ್ಕೆ, ಟೈಟಾನಿಕ್ ಹಿಮಬಂಡೆಗೆ ಬಡಿಯಿತು. ಅದು ಕಳಿಸಿದ ಸಂಕಟದ ಕರೆ ಕೇಳಲು ಕ್ಯಾಲಿಫೋರ್ನಿಯನ್‌ನಲ್ಲಿ ಎಚ್ಚರವಿದ್ದ ಕಿವಿಯೇ ಇರಲಿಲ್ಲ.

ಅಮೆರಿಕ ಅದೇ ವರ್ಷ ಎರಡು ದಾರಿ ಹಿಡಿಯಿತು. ದೊಡ್ಡ ಹಡಗುಗಳಲ್ಲಿ ಹಗಲೂ ರಾತ್ರಿ ರೇಡಿಯೊ ಕಾವಲು ಇರಲೇಬೇಕೆಂದದ್ದು ಕಿವಿಯ ದಾರಿ. ಆಗಸ್ಟ್ 13ರ ರೇಡಿಯೊ ಕಾಯ್ದೆ ತಂದದ್ದು ಕಡತದ ದಾರಿ: ಪ್ರಸಾರ ಮಾಡುವವರಿಗೆಲ್ಲ ಲೈಸೆನ್ಸ್ ಕಡ್ಡಾಯ, ಹವ್ಯಾಸಿಗಳಿಗೆ 200 ಮೀಟರ್ ಮತ್ತು ಅದಕ್ಕಿಂತ ಚಿಕ್ಕ ಅಲೆಗಳು ಮಾತ್ರ. ಆ ಚಿಕ್ಕ ಅಲೆಗಳು ಕೆಲಸಕ್ಕೆ ಬಾರದವು ಎಂದೇ ಆಗಿನ ಎಣಿಕೆ. ಮುಂದೆ ಖಂಡಾಂತರ ಪ್ರಸಾರ ನಡೆದದ್ದು ಅವುಗಳ ಮೇಲೆಯೇ ಎಂಬುದು ಬೇರೆ ಮಾತು.

ಕಡತಕ್ಕೆ ಗಟ್ಟಿಯಾದ ಬಲ ಬಂದದ್ದು ಹದಿನೈದು ವರ್ಷದ ಮೇಲೆ. ಜೆನಿತ್ ಎಂಬ ಕಂಪನಿ ತನಗೆ ಕೊಟ್ಟ ಕಂಪನಾಂಕ ಬಿಟ್ಟು ಕೆನಡಾಕ್ಕೆ ಮೀಸಲಾಗಿದ್ದ ಜಾಗಕ್ಕೆ ಹಾರಿತು. ಇದನ್ನು ತಡೆಯುವ ಅಧಿಕಾರ ವಾಣಿಜ್ಯ ಕಾರ್ಯದರ್ಶಿಗೆ ಇಲ್ಲ ಎಂದು 1926ರಲ್ಲಿ ನ್ಯಾಯಾಲಯ ಹೇಳಿಬಿಟ್ಟಿತು. ಕೇಳಬೇಕೆ? ಕಂಡಕಂಡ ಸ್ಟೇಷನ್ನುಗಳು ಬೇಕಾದ ಕಡೆ ಬೇಕಾದಷ್ಟು ಬಲದಲ್ಲಿ ಕೂಗತೊಡಗಿದವು. 1927ರ ಹೊಸ ಕಾಯ್ದೆ ಆ ಸಂತೆಯನ್ನು ಮುಗಿಸಿತು. 1934ರಲ್ಲಿ ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್, ಅಂದರೆ ಎಫ್‌ಸಿಸಿ, ಹುಟ್ಟಿತು. ಇಂಥ ಕಂಪನಾಂಕ, ಇಂಥ ಊರು, ಇಂಥವರು ಎಂದು ಬರೆದಿಟ್ಟ ಪಟ್ಟಿಯೇ ಅಲ್ಲಿಂದ ಮುಂದೆ ಜಗತ್ತಿನ ರೂಢಿ. ಭಾರತದಲ್ಲಿ 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕೇಳುವ ಪೆಟ್ಟಿಗೆಯನ್ನೂ ಕಡತಕ್ಕೆ ಸೇರಿಸಿತು. ಆಕಾಶವಾಣಿ ಕೇಳಲು ಪೋಸ್ಟಾಫೀಸಿನಲ್ಲಿ ರೇಡಿಯೊ ಲೈಸೆನ್ಸಿನ ದುಡ್ಡು ಕಟ್ಟಿ ಪುಸ್ತಕಕ್ಕೆ ಸ್ಟಾಂಪು ಹಾಕಿಸಿಕೊಂಡ ನೆನಪು ಹಳೆಯ ತಲೆಮಾರಿನ ಕನ್ನಡಿಗರಲ್ಲಿ ಈಗಲೂ ಇದೆ.

ಕಿವಿ ಮತ್ತೆ ಮುನ್ನೆಲೆಗೆ ಬಂದದ್ದು ಕಂಪ್ಯೂಟರುಗಳಿಂದ. ಹವಾಯಿ ವಿಶ್ವವಿದ್ಯಾಲಯದಲ್ಲಿ ನಾರ್ಮನ್ ಅಬ್ರಾಮ್ಸನ್ ತಂಡ 1971ರಲ್ಲಿ ಅಲೋಹಾನೆಟ್ ಎಂಬ ರೇಡಿಯೊ ಜಾಲ ಶುರುಮಾಡಿತು. ಬೇರೆ ಬೇರೆ ದ್ವೀಪಗಳ ಟರ್ಮಿನಲ್‌ಗಳೆಲ್ಲ ಒಂದೇ ಕಂಪನಾಂಕ ಹಂಚಿಕೊಳ್ಳಬೇಕಿತ್ತು. ಮೊದಲ ಪದ್ಧತಿಯಲ್ಲಿ ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಕಳಿಸುವುದು, ಡಿಕ್ಕಿಯಾದರೆ ಸ್ವಲ್ಪ ತಡೆದು ಮತ್ತೆ ಕಳಿಸುವುದು. ಲೆಕ್ಕ ಹಾಕಿದರೆ ಇದರಲ್ಲಿ ಚಾನೆಲ್ಲಿನ ಶೇ 18ರಷ್ಟು ಮಾತ್ರ ಉಪಯೋಗಕ್ಕೆ ಬರುತ್ತಿತ್ತು. ಕಳಿಸುವ ಮೊದಲು ಒಮ್ಮೆ ಕೇಳಿದರೆ ಈ ಅಂಕಿ ಎಷ್ಟೋ ಏರುತ್ತದೆ ಎಂದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಕೇಂದ್ರದ ಲಿಯೊನಾರ್ಡ್ ಕ್ಲೈನ್‌ರಾಕ್ ಮತ್ತು ಫೌಆದ್ ತೊಬಾಗಿ 1975ರಲ್ಲಿ ತೋರಿಸಿದರು. ಅದೇ ವರ್ಷ ಅವರೇ ಅದರ ಹುಳುಕನ್ನೂ ಬಿಚ್ಚಿಟ್ಟರು. ಒಂದು ಗುಡ್ಡದ ಆಚೆಗೊಬ್ಬ, ಈಚೆಗೊಬ್ಬ, ನೆತ್ತಿಯ ಮೇಲೆ ಕೇಂದ್ರ. ಇಬ್ಬರ ದನಿಯೂ ಕೇಂದ್ರಕ್ಕೆ ಕೇಳುತ್ತದೆ, ಒಬ್ಬರದ್ದು ಇನ್ನೊಬ್ಬರಿಗೆ ಕೇಳುವುದಿಲ್ಲ. ಇಬ್ಬರೂ ಆಲಿಸಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಒಟ್ಟಿಗೇ ಬಾಯಿ ತೆರೆಯುತ್ತಾರೆ. ‘ಮರೆಯ ಟರ್ಮಿನಲ್’ ಎಂಬ ಈ ತೊಡಕು ಮುಂದಿನ ಎಲ್ಲ ಕಥೆಯ ಖಳನಾಯಕ.

ಆ ಹೊತ್ತಿಗೆ ಆಲಿಸುವುದರ ಗಣಿತವೂ ಸಿದ್ಧವಾಗಿತ್ತು. ಗುರುತು ಪರಿಚಯ ಇಲ್ಲದ ಸಂಕೇತವನ್ನು ಪತ್ತೆ ಹಚ್ಚುವುದು ಹೇಗೆಂದು ಹ್ಯಾರಿ ಅರ್ಕೊವಿಟ್ಜ್ 1967ರ ಏಪ್ರಿಲ್‌ನಲ್ಲಿ ಒಂದು ಪ್ರಬಂಧ ಬರೆದಿದ್ದರು. ಆಂಟೆನಾದಿಂದ ಬಂದದ್ದನ್ನು ವರ್ಗ ಮಾಡಿ, ನಿಗದಿತ ಕಾಲದವರೆಗೆ ಕೂಡಿಸುತ್ತ ಹೋಗಬೇಕು. ಮೊತ್ತ ಒಂದು ಮಿತಿ ದಾಟಿದರೆ ಯಾರೋ ಇದ್ದಾರೆ, ದಾಟದಿದ್ದರೆ ಬರೀ ಗದ್ದಲ. ‘ಎನರ್ಜಿ ಡಿಟೆಕ್ಟರ್’ ಎಂದು ಹೆಸರಾದ ಈ ಉಪಾಯ ಅಗ್ಗ, ಸರಳ. ಎದುರಿನವನು ಯಾವ ಭಾಷೆಯಲ್ಲಿ ಮಾತಾಡುತ್ತಿದ್ದಾನೆ ಎಂದು ತಿಳಿಯುವ ಅಗತ್ಯವೂ ಇಲ್ಲ.

‘ಕಾಗ್ನಿಟಿವ್ ರೇಡಿಯೊ’ ಎಂಬ ಹೆಸರು ಬಂದದ್ದು 1999ರಲ್ಲಿ, ಜೋಸೆಫ್ ಮಿಟೋಲ ಮತ್ತು ಜೆರಾಲ್ಡ್ ಮಗ್ವಯರ್ ಬರೆದ ಲೇಖನದಲ್ಲಿ. ಮಿಟೋಲ ಮರುವರ್ಷ ಸ್ಟಾಕ್‌ಹೋಮ್‌ನ ಕೆಟಿಎಚ್ ಸಂಸ್ಥೆಗೆ ಅದೇ ವಿಷಯದ ಮೇಲೆ ಪಿಎಚ್‌ಡಿ ಪ್ರಬಂಧ ಕೊಟ್ಟರು. ಅವರ ಕನಸು ದೊಡ್ಡದು: ಬಳಸುವವನ ಅಗತ್ಯ ಅರಿತು, ಸುತ್ತಲ ಪರಿಸರ ನೋಡಿ, ತಾನೇ ಕಲಿಯುತ್ತ ಹೋಗುವ ರೇಡಿಯೊ. ಖಾಲಿ ತರಂಗಾಂತರ ಹುಡುಕುವುದು ಅದರಲ್ಲಿ ಒಂದು ಸಣ್ಣ ಕೆಲಸವಷ್ಟೆ. ಆದರೆ ಆ ಸಣ್ಣ ಕೆಲಸವೇ ಉಳಿದದ್ದನ್ನೆಲ್ಲ ನುಂಗಿಬಿಟ್ಟಿತು. ಕಾರಣ, ಮೊಬೈಲ್ ಕಂಪನಿಗಳು ತರಂಗಾಂತರಕ್ಕೆ ಕೋಟಿಗಟ್ಟಲೆ ಸುರಿಯುತ್ತಿದ್ದ ಕಾಲ ಅದು. ಹಂಚಲು ಇನ್ನೇನೂ ಉಳಿದಿಲ್ಲವೆಂದು ಪಟ್ಟಿ ಹೇಳುತ್ತಿತ್ತು.

ಗಾಳಿ ಬೇರೆಯೇ ಹೇಳಿತು. ಶೇರ್ಡ್ ಸ್ಪೆಕ್ಟ್ರಮ್ ಎಂಬ ಕಂಪನಿ 30 ಮೆಗಾಹರ್ಟ್ಸ್‌ನಿಂದ 3 ಗಿಗಾಹರ್ಟ್ಸ್‌ವರೆಗೆ ಅಮೆರಿಕದ ಆರು ಸ್ಥಳಗಳಲ್ಲಿ ಅಳತೆ ಮಾಡಿತು. ನ್ಯೂಯಾರ್ಕ್‌ನಲ್ಲಿ ಅಳತೆಗೆ ಆರಿಸಿಕೊಂಡದ್ದು 2004ರ ರಿಪಬ್ಲಿಕನ್ ಪಕ್ಷದ ಮಹಾಧಿವೇಶನದ ದಿನಗಳನ್ನು. ಪೊಲೀಸರು, ಪತ್ರಕರ್ತರು, ಟಿ.ವಿ. ವಾಹನಗಳು ಎಲ್ಲ ಒಂದೇ ಕಡೆ ಕಿಕ್ಕಿರಿದಿದ್ದ ಹೊತ್ತು. ಆಗಲೂ ಬಳಕೆಯಲ್ಲಿದ್ದದ್ದು ಶೇ 13.1 ಮಾತ್ರ. ಆರೂ ಕಡೆಯ ಸರಾಸರಿ ಶೇ 5.2. ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಹಿಡಿದ ಸೀಟುಗಳ ಹಾಗೆ, ತರಂಗಾಂತರದ ಬಹುಭಾಗಕ್ಕೆ ಒಡೆಯರಿದ್ದರು, ಕೂತವರಿರಲಿಲ್ಲ. ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ ‘ಎಕ್ಸ್‌ಜಿ’ ಯೋಜನೆಗೆ ಹಣ ಹಾಕಿತು. 2006ರ ಆಗಸ್ಟ್‌ನಲ್ಲಿ ವರ್ಜೀನಿಯಾದ ಫೋರ್ಟ್ ಎ.ಪಿ. ಹಿಲ್ ಸೇನಾ ನೆಲೆಯಲ್ಲಿ, ಬೇರೆ ರೇಡಿಯೊಗಳ ನಡುವೆ ಕಂಪನಾಂಕ ಬದಲಿಸುತ್ತ ಜಾಗ ಹುಡುಕಿಕೊಳ್ಳುವ ರೇಡಿಯೊಗಳ ಪ್ರದರ್ಶನವೂ ನಡೆಯಿತು.

ನಾಗರಿಕ ಬಳಕೆಗೆ ಕಣ್ಣು ಬಿದ್ದದ್ದು ಟಿ.ವಿ. ಚಾನೆಲ್ಲುಗಳ ಮೇಲೆ. ಒಂದು ಊರಿನಲ್ಲಿ ಬಳಸುವ ಚಾನೆಲ್ಲನ್ನು ಪಕ್ಕದ ಊರಿನಲ್ಲಿ ಖಾಲಿ ಬಿಡುವುದು ಪ್ರಸಾರದ ನಿಯಮ. ಹಾಗಾಗಿ ಎಲ್ಲ ಕಡೆಯೂ ಎಡೆಗಳಿದ್ದವು. ‘ವೈಟ್ ಸ್ಪೇಸ್’ ಎಂಬ ಹೆಸರು ಅವಕ್ಕೆ. ಈ ಅಲೆಗಳು ಗೋಡೆ ತೂರುತ್ತವೆ, ದೂರ ಹೋಗುತ್ತವೆ. 2004ರ ಮೇ ತಿಂಗಳಲ್ಲಿ ಎಫ್‌ಸಿಸಿ ಇವನ್ನು ಲೈಸೆನ್ಸ್ ಇಲ್ಲದೆ ಬಳಸಲು ಬಿಡುವ ಪ್ರಸ್ತಾವ ಮುಂದಿಟ್ಟಿತು. ಅದೇ ವರ್ಷದ ಕೊನೆಗೆ ಹಳ್ಳಿಗಳಿಗೆ ಇಂಟರ್ನೆಟ್ ಒಯ್ಯುವ ಮಾನದಂಡ ರೂಪಿಸಲು ಐಇಇಇ 802.22 ಎಂಬ ತಂಡ ಸೇರಿತು. 2011ರಲ್ಲಿ ಹೊರಬಂದ ಆ ಮಾನದಂಡದಲ್ಲಿ ‘ಕ್ವಯಟ್ ಪೀರಿಯಡ್’ ಎಂಬ ಅಂಶವಿದೆ: ಜಾಲದ ಸಾಧನಗಳೆಲ್ಲ ಗೊತ್ತುಪಡಿಸಿದ ಕ್ಷಣದಲ್ಲಿ ಪ್ರಸಾರ ನಿಲ್ಲಿಸಿ ಚಾನೆಲ್ಲನ್ನು ಆಲಿಸಬೇಕು. ಟಿ.ವಿ. ಸಂಕೇತ ಮರಳಿದರೆ ಎರಡು ಸೆಕೆಂಡಿನೊಳಗೆ ಗೊತ್ತಾಗಬೇಕು.

ಎಷ್ಟು ಸಣ್ಣ ದನಿ ಕೇಳಬೇಕು ಎಂಬಲ್ಲಿ ಕಥೆ ಬಿಗಿಯಾಯಿತು. ಡಿಜಿಟಲ್ ಟಿ.ವಿ. ಪೆಟ್ಟಿಗೆಗೆ ಚಿತ್ರ ಮೂಡಿಸಲು ಸುಮಾರು ಮೈನಸ್ 84 ಡಿಬಿಎಂ ಬಲದ ಸಂಕೇತ ಸಾಕು. ಆದರೆ ಆಲಿಸುವ ಸಾಧನಕ್ಕೆ ಎಫ್‌ಸಿಸಿ ಇಟ್ಟ ಗುರಿ ಮೈನಸ್ 114. ಅಂದರೆ ಟಿ.ವಿ.ಗೆ ಬೇಕಾದ್ದರ ಸಾವಿರದಲ್ಲೊಂದು ಪಾಲು, ಒಂದು ವ್ಯಾಟ್‌ನ ಲಕ್ಷ ಕೋಟಿ ಭಾಗದಲ್ಲಿ ನೂರರಲ್ಲೊಂದಕ್ಕಿಂತಲೂ ಕಡಿಮೆ. ಇಷ್ಟೇಕೆ ಎಂದರೆ ಉತ್ತರ ಮತ್ತೆ ಆ ಮರೆಯ ಟರ್ಮಿನಲ್. ಟಿ.ವಿ. ಆಂಟೆನಾ ತಾರಸಿಯ ಮೇಲೆ ಬಯಲಿಗೆ ಮುಖ ಮಾಡಿ ನಿಂತಿರುತ್ತದೆ. ವೈಟ್ ಸ್ಪೇಸ್ ಸಾಧನ ಅದೇ ಮನೆಯ ನೆಲಮಾಳಿಗೆಯಲ್ಲಿ, ಕಾಂಕ್ರೀಟಿನ ಹಿಂದೆ ಇರಬಹುದು. ತನಗೆ ಏನೂ ಕೇಳಿಸಲಿಲ್ಲ ಎಂದ ಮಾತ್ರಕ್ಕೆ ಮೇಲಿನವರು ಟಿ.ವಿ. ನೋಡುತ್ತಿಲ್ಲ ಎಂದು ಅರ್ಥವಲ್ಲ.

ಮೈನಸ್ 114 ಎಂಬುದು ಆರು ಮೆಗಾಹರ್ಟ್ಸ್ ಚಾನೆಲ್ಲಿನಲ್ಲಿ ಬರೀ ಶಾಖದಿಂದ ಹುಟ್ಟುವ ಗದ್ದಲಕ್ಕಿಂತಲೂ ಕೆಳಗೆ. ಗದ್ದಲದೊಳಗೆ ಮುಳುಗಿದ ಸಂಕೇತವನ್ನೂ ತಾಳ್ಮೆಯಿಂದ ಬಹಳ ಹೊತ್ತು ಆಲಿಸಿದರೆ ಹಿಡಿಯಬಹುದು ಎಂಬುದು ಅರ್ಕೊವಿಟ್ಜ್ ಕಾಲದ ನಂಬಿಕೆ. ಬರ್ಕ್ಲಿಯ ಅನಂತ್ ಸಹಾಯ್ ಮತ್ತು ರಾಹುಲ್ ಟಂಡ್ರ ಈ ನಂಬಿಕೆಗೆ ಅಡ್ಡಗೋಡೆ ಕಟ್ಟಿದರು. ಅವರ 2008ರ ಪ್ರಬಂಧದ ಹೆಸರಿನಲ್ಲೇ ‘ಗೋಡೆ’ ಇದೆ. ಎನರ್ಜಿ ಡಿಟೆಕ್ಟರ್ ಮಿತಿ ಇಟ್ಟುಕೊಳ್ಳಬೇಕಾದರೆ ಗದ್ದಲ ಎಷ್ಟಿದೆ ಎಂದು ಅದಕ್ಕೆ ಗೊತ್ತಿರಬೇಕು. ಗದ್ದಲವೋ ಬಿಸಿಲು ಏರಿದರೆ ಬದಲಾಗುತ್ತದೆ, ಪಕ್ಕದ ಯಂತ್ರ ಚಾಲೂ ಆದರೆ ಬದಲಾಗುತ್ತದೆ. ಆ ತಿಳಿವಳಿಕೆಯಲ್ಲಿ ಒಂದೇ ಒಂದು ಡೆಸಿಬೆಲ್ ಹೆಚ್ಚುಕಡಿಮೆಯಿದ್ದರೂ, ಗದ್ದಲದ ಅರ್ಧಕ್ಕಿಂತ ತುಸು ಕಡಿಮೆ ಬಲದ ಸಂಕೇತದ ಬಳಿ ಗೋಡೆ ಎದುರಾಗುತ್ತದೆ. ಅದಕ್ಕಿಂತ ಕ್ಷೀಣವಾದದ್ದನ್ನು ಒಂದು ಗಂಟೆ ಕೇಳಿದರೂ ಅಷ್ಟೆ, ಒಂದು ವರ್ಷ ಕೇಳಿದರೂ ಅಷ್ಟೆ.

ಗೋಡೆ ದಾಟಲು ಸಂಶೋಧಕರು ಸಂಕೇತದ ಚಹರೆ ಹುಡುಕತೊಡಗಿದರು. ಮನುಷ್ಯ ಕಳಿಸುವ ಸಂಕೇತದಲ್ಲಿ ಏನಾದರೊಂದು ಲಯ ಮರುಕಳಿಸುತ್ತದೆ, ಬರೀ ಗದ್ದಲಕ್ಕೆ ಆ ಲಯವಿಲ್ಲ. ವಿಲಿಯಂ ಗಾರ್ಡ್ನರ್ 1980ರ ದಶಕದಿಂದ ಬೆಳೆಸಿಕೊಂಡು ಬಂದಿದ್ದ ಈ ಸಿದ್ಧಾಂತ ಈಗ ಕೈಹಿಡಿಯಿತು. ಅಮೆರಿಕದ ಡಿಜಿಟಲ್ ಟಿ.ವಿ. ಸಂಕೇತದಲ್ಲಂತೂ ಚಾನೆಲ್ಲಿನ ಕೆಳ ಅಂಚಿನಿಂದ ಸುಮಾರು 309 ಕಿಲೊಹರ್ಟ್ಸ್ ಮೇಲೆ ಒಂದು ಸಣ್ಣ ‘ಪೈಲಟ್’ ಸ್ವರ ಸದಾ ಮೊಳಗುತ್ತಿರುತ್ತದೆ. ಆರು ಮೆಗಾಹರ್ಟ್ಸ್ ಪೂರ್ತಿ ಜಾಲಾಡುವ ಬದಲು ಆ ಒಂದು ಎಳೆಯ ಸುತ್ತ ಕಿರಿದಾದ ಫಿಲ್ಟರ್ ಇಟ್ಟರೆ ಗದ್ದಲದ ಬಹುಪಾಲು ಹೊರಗುಳಿಯುತ್ತದೆ. ಇನ್ನು ಕೆಲವರು ಹಲವು ಸಾಧನಗಳ ಅಭಿಪ್ರಾಯ ಸೇರಿಸಿ ತೀರ್ಮಾನಿಸುವ ದಾರಿ ಹಿಡಿದರು: ಒಂದು ನೆಲಮಾಳಿಗೆಯಲ್ಲಿದ್ದರೆ ಇನ್ನೊಂದು ಕಿಟಕಿಯ ಬಳಿ ಇರಬಹುದಲ್ಲ! ಸಿಂಗಪುರದ ಯೊಂಗ್‌ಹಾಂಗ್ ಝೆಂಗ್ ಮತ್ತು ಯಿಂಗ್-ಚಾಂಗ್ ಲಿಯಾಂಗ್, ಗದ್ದಲದ ಅಳತೆಯೇ ಬೇಡದಂತೆ ಸಂಕೇತದ ಒಳಹೊಂದಿಕೆಯಿಂದಲೇ ಅದನ್ನು ಗುರುತಿಸುವ ವಿಧಾನ ಕೊಟ್ಟರು.

ಕಾಗದದ ಮೇಲೆ ಇದೆಲ್ಲ ಚೆನ್ನಾಗಿತ್ತು. 2007ರಲ್ಲಿ ಎಫ್‌ಸಿಸಿ ಪ್ರಯೋಗಾಲಯಕ್ಕೆ ಬಂದ ಮೊದಲ ಮಾದರಿಗಳು ಪರೀಕ್ಷೆಯಲ್ಲಿ ಎಡವಿದವು. ಮೈಕ್ರೊಸಾಫ್ಟ್ ಕೊಟ್ಟ ಪೆಟ್ಟಿಗೆ ಸಂಕೇತಗಳನ್ನು ಭರವಸೆಯಿಂದ ಗುರುತಿಸಲಿಲ್ಲ. ಅದು ಕೆಟ್ಟುಹೋಗಿತ್ತೆಂದು ಕಂಪನಿ ಆಮೇಲೆ ಸಮಜಾಯಿಷಿ ಕೊಟ್ಟಿತು. ಮರುವರ್ಷ ಪರೀಕ್ಷೆ ಬೀದಿಗಿಳಿಯಿತು. ಮೇರಿಲ್ಯಾಂಡ್‌ನ ಫೆಡ್‌ಎಕ್ಸ್ ಫೀಲ್ಡ್ ಕ್ರೀಡಾಂಗಣದಲ್ಲಿ ಅಮೆರಿಕನ್ ಫುಟ್‌ಬಾಲ್ ಪಂದ್ಯದ ನಡುವೆ, ಆಮೇಲೆ ನ್ಯೂಯಾರ್ಕ್‌ನ ಬ್ರಾಡ್‌ವೇ ರಂಗಮಂದಿರ ಮೆಜೆಸ್ಟಿಕ್‌ನಲ್ಲಿ, ಎಂಜಿನಿಯರುಗಳು ಪೆಟ್ಟಿಗೆಗಳನ್ನಿಟ್ಟುಕೊಂಡು ಕೂತರು. ಕಾರಣ, ಖಾಲಿ ಟಿ.ವಿ. ಚಾನೆಲ್ಲುಗಳಲ್ಲಿ ಇನ್ನೊಂದು ಕುಲ ಬಹುಕಾಲದಿಂದ ಬೀಡುಬಿಟ್ಟಿತ್ತು: ವೈರ್‌ಲೆಸ್ ಮೈಕು. ನಟರ ಉಡುಪಿನೊಳಗೆ ಅಡಗಿಸಿದ, ಕೆಲವೇ ಮಿಲಿವ್ಯಾಟ್‌ಗಳ ಈ ಮೈಕುಗಳನ್ನು ಹಿಡಿಯುವಾಗ ಪೆಟ್ಟಿಗೆಗಳು ಎರಡೂ ಬಗೆಯ ತಪ್ಪು ಮಾಡಿದವು. ಮೈಕ್ ಉರಿಯುತ್ತಿದ್ದಾಗ ಚಾನೆಲ್ ಖಾಲಿ ಎಂದದ್ದುಂಟು, ಆರಿಸಿದ ಮೇಲೂ ತುಂಬಿದೆ ಎಂದದ್ದುಂಟು.

ಇದರಲ್ಲೊಂದು ತಮಾಷೆಯೂ ಇತ್ತು. ಚರ್ಚುಗಳು, ನಾಟಕ ಮಂದಿರಗಳು ಬಳಸುತ್ತಿದ್ದ ಮೈಕುಗಳಲ್ಲಿ ಬಹುಪಾಲಿಗೆ ಲೈಸೆನ್ಸೇ ಇರಲಿಲ್ಲ. ನಿಯಮದ ಪ್ರಕಾರ ಅವು ಟಿ.ವಿ. ಮತ್ತು ಸಿನಿಮಾ ಮಂದಿಗೆ ಮೀಸಲು. ಕಡತದಲ್ಲಿ ಇಲ್ಲದವರನ್ನು ಕಾಪಾಡಲು ಹೊಸ ಯಂತ್ರಗಳು ಕಿವಿ ನಿಮಿರಿಸಿ ಕೂರಬೇಕಾಗಿತ್ತು! ತನ್ನ ಸಂಗೀತ ನಾಟಕವನ್ನು ಬ್ರಾಡ್‌ವೇಗೆ ತರುವ ತಯಾರಿಯಲ್ಲಿದ್ದ ಗಾಯಕಿ ಡಾಲಿ ಪಾರ್ಟನ್ ಈ ಯೋಜನೆಯ ವಿರುದ್ಧ ಎಫ್‌ಸಿಸಿಗೆ ಪತ್ರ ಬರೆದರು. ಗೂಗಲ್‌ನ ಲ್ಯಾರಿ ಪೇಜ್ ಯೋಜನೆಯ ಪರವಾಗಿ ಓಡಾಡಿದರು. 2008ರ ನವೆಂಬರ್ 4ರಂದು, ಒಬಾಮ ಗೆದ್ದ ಚುನಾವಣೆಯ ದಿನವೇ, ಐವರು ಆಯುಕ್ತರೂ ಒಮ್ಮತದಿಂದ ವೈಟ್ ಸ್ಪೇಸ್‌ಗೆ ಒಪ್ಪಿಗೆ ಕೊಟ್ಟರು. ಆದರೆ ಕಿವಿಯೊಂದನ್ನೇ ನಂಬಲಿಲ್ಲ. ಸಾಧನ ತಾನಿರುವ ಜಾಗ ತಿಳಿಸಿ, ಅಲ್ಲಿ ಯಾವ ಚಾನೆಲ್ ಖಾಲಿ ಎಂದು ಡೇಟಾಬೇಸನ್ನೂ ಕೇಳಬೇಕೆಂದರು. 2010ರ ಸೆಪ್ಟೆಂಬರ್ 23ರ ಆದೇಶ ಇನ್ನೂ ಒಂದು ಹೆಜ್ಜೆ ಇಟ್ಟಿತು. ಡೇಟಾಬೇಸ್ ಬಳಸುವ ಸಾಧನಗಳಿಗೆ ಆಲಿಸುವ ಕಡ್ಡಾಯವನ್ನೇ ತೆಗೆದು, ಮೈಕುಗಳಿಗೆಂದು ಎರಡು ಚಾನೆಲ್ ಬಿಟ್ಟುಕೊಟ್ಟಿತು. ನೂರಾರು ಪ್ರಬಂಧಗಳಿಗೆ ವಸ್ತುವಾದ ವಿದ್ಯೆಗೆ ಅದರ ದೊಡ್ಡ ಮಾರುಕಟ್ಟೆ ಹೀಗೆ ಕೈತಪ್ಪಿತು. ಬ್ರಿಟನ್ನಿನ ನಿಯಂತ್ರಣ ಸಂಸ್ಥೆ ಆಫ್‌ಕಾಮ್ ಕೂಡ ಡೇಟಾಬೇಸನ್ನೇ ಆರಿಸಿಕೊಂಡಿತು.

ಭಾರತದಲ್ಲಿ ಕಡತದ ವಾದ ಇನ್ನೂ ಬಲವಾಗಿತ್ತು. ಇಲ್ಲಿ ಗಾಳಿಯ ಮೂಲಕ ನೇರ ಟಿ.ವಿ. ಪ್ರಸಾರ ಮಾಡುವುದು ದೂರದರ್ಶನ ಒಂದೇ. ಅದರ ಗೋಪುರ ಎಲ್ಲೆಲ್ಲಿವೆ ಎಂಬುದು ಗುಟ್ಟೇನಲ್ಲ. ಐಐಟಿ ಬಾಂಬೆಯ ಅಭಯ್ ಕರಂದೀಕರ್ ಮತ್ತು ಜೊತೆಗಾರರು 2014ರಲ್ಲಿ ಪ್ರಕಟಿಸಿದ ಲೆಕ್ಕದಂತೆ, 470ರಿಂದ 590 ಮೆಗಾಹರ್ಟ್ಸ್‌ವರೆಗಿನ ಹದಿನೈದು ಚಾನೆಲ್ಲುಗಳಲ್ಲಿ ಸರಾಸರಿ 100 ಮೆಗಾಹರ್ಟ್ಸ್‌ಗೂ ಹೆಚ್ಚು ಖಾಲಿ. ಸರಿಯಾಗಿ ಮರುಹಂಚಿದರೆ ಇಡೀ ದೇಶದ ಆ ಪ್ರಸಾರಕ್ಕೆ ನಾಲ್ಕೇ ಚಾನೆಲ್, ಅಂದರೆ 32 ಮೆಗಾಹರ್ಟ್ಸ್ ಸಾಕು. ಅದೇ ತಂಡ ಮಹಾರಾಷ್ಟ್ರದ ಪಾಲ್ಘರ್‌ನ ಹಳ್ಳಿಗಳಿಗೆ ಈ ಅಲೆಗಳ ಮೇಲೆ ಇಂಟರ್ನೆಟ್ ಒಯ್ದು ತೋರಿಸಿತು. ಮುಂದೆ ದೂರದರ್ಶನವನ್ನು ನಡೆಸುವ ಪ್ರಸಾರ ಭಾರತಿಯೇ ತನ್ನ ಅನಲಾಗ್ ಟಿ.ವಿ. ಪ್ರಸಾರಕಗಳನ್ನು, ಆಯಕಟ್ಟಿನ ಜಾಗದ ಐವತ್ತರಷ್ಟನ್ನು ಬಿಟ್ಟು, ಮುಚ್ಚಲು ನಿರ್ಧರಿಸಿತು.

ಹಾಗೆಂದು ಕಿವಿ ಸೋತು ಮೂಲೆ ಸೇರಲಿಲ್ಲ. 2003ರಲ್ಲಿ ಜಿನೀವಾದಲ್ಲಿ ಸೇರಿದ ವಿಶ್ವ ರೇಡಿಯೊ ಸಮ್ಮೇಳನ, 5 ಗಿಗಾಹರ್ಟ್ಸ್‌ನ ರಾಡಾರ್ ಪಟ್ಟಿಗಳನ್ನು ವೈ-ಫೈ ಕೂಡ ಬಳಸಬಹುದು, ಆದರೆ ರಾಡಾರ್ ಕೇಳಿಸಿದರೆ ಜಾಗ ಖಾಲಿ ಮಾಡಬೇಕು ಎಂದಿತು. ಈ ಪಟ್ಟಿಗಳನ್ನು ಬಳಸುವ ರೌಟರ್ ಹೊಸ ಚಾನೆಲ್ಲಿಗೆ ಹೋಗುವ ಮೊದಲು 60 ಸೆಕೆಂಡು ಸುಮ್ಮನೆ ಆಲಿಸುತ್ತದೆ. ನಡುವೆ ರಾಡಾರಿನ ಮಿಡಿತ ಸಿಕ್ಕರೆ ಹತ್ತು ಸೆಕೆಂಡಿನೊಳಗೆ ಹೊರಡುತ್ತದೆ, 30 ನಿಮಿಷ ಆ ಕಡೆ ತಲೆ ಹಾಕುವುದಿಲ್ಲ. ವೈ-ಫೈ ಇದ್ದಕ್ಕಿದ್ದಂತೆ ಕ್ಷಣಕಾಲ ಕಡಿದು ಮರಳಿದರೆ ಕೆಲವೊಮ್ಮೆ ಕಾರಣ ಇದೇ. ಟಿ.ವಿ.ಯಲ್ಲಿ ಕೈಕೊಟ್ಟ ವಿದ್ಯೆ ಇಲ್ಲಿ ಕೆಲಸ ಮಾಡಲು ಕಾರಣವಿದೆ: ರಾಡಾರ್ ಸಾಮಾನ್ಯವಾಗಿ ಕಳಿಸಿದ ಕಡೆಯೇ ಪ್ರತಿಧ್ವನಿಯನ್ನೂ ಕೇಳುತ್ತದೆ, ಆದ್ದರಿಂದ ಅದರ ದನಿ ಕೇಳಿಸುವವರಿಗೆ ಅದು ಹತ್ತಿರವಿದೆ ಎಂದೂ ತಿಳಿಯುತ್ತದೆ. ದನಿಯೂ ಗಟ್ಟಿ, ರೌಟರ್ ಹಿಡಿಯಬೇಕಾದ ಮಿತಿ ಮೈನಸ್ 60 ಡಿಬಿಎಂ ಆಸುಪಾಸು. ಆದರೂ 2009ರ ಹೊತ್ತಿಗೆ ಪೋರ್ಟೊರಿಕೊದ ಸಾನ್ ಹ್ವಾನ್ ವಿಮಾನ ನಿಲ್ದಾಣದ ಹವಾಮಾನ ರಾಡಾರಿನ ಪರದೆಯ ಮೇಲೆ ಗೆರೆಗಳು ಮೂಡಿದವು. ಹೊರಾಂಗಣ ವೈ-ಫೈ ಉಪಕರಣಗಳೇ ಮೂಲ ಎಂದು ತಿಳಿಯಿತು. ಅವುಗಳಲ್ಲಿ ಕೆಲವುಗಳ ರಾಡಾರ್ ಆಲಿಸುವ ಸೌಲಭ್ಯವನ್ನು ನಡೆಸುವವರೇ ಬಂದ್ ಮಾಡಿಟ್ಟಿದ್ದರು.

2015ರಲ್ಲಿ ಎಫ್‌ಸಿಸಿ 3.5 ಗಿಗಾಹರ್ಟ್ಸ್ ಪಟ್ಟಿಯನ್ನು ತೆರೆದಾಗ ಕಿವಿ, ಕಡತ ಎರಡನ್ನೂ ಕೂಡಿಸಿತು. ಅಲ್ಲಿನ ಒಡೆಯ ಅಮೆರಿಕದ ನೌಕಾಪಡೆ. ಯುದ್ಧನೌಕೆ ಯಾವಾಗ, ಎಲ್ಲಿ ರಾಡಾರ್ ಹಚ್ಚುತ್ತದೆ ಎಂಬುದನ್ನು ಯಾವ ಡೇಟಾಬೇಸಿಗೂ ಬರೆದುಕೊಡಲು ಅದಕ್ಕೆ ಇಷ್ಟವಿಲ್ಲ. ಹಾಗಾಗಿ ಪ್ರತಿ ಸಾಧನಕ್ಕೂ ಕಿವಿ ಕೊಡುವ ಬದಲು, ಕರಾವಳಿಯುದ್ದಕ್ಕೂ ಸಮುದ್ರಕ್ಕೆ ಮುಖ ಮಾಡಿದ ಸೆನ್ಸರ್‌ಗಳ ಸಾಲು ನೆಡಲಾಯಿತು. ರಾಡಾರ್ ಕೇಳಿಸಿದರೆ ಅವು ಡೇಟಾಬೇಸಿಗೆ ತಿಳಿಸುತ್ತವೆ, ಅದು ಆ ಪ್ರದೇಶದ ಬೇಸ್ ಸ್ಟೇಷನ್‌ಗಳನ್ನು ಬೇರೆ ಚಾನೆಲ್ಲಿಗೆ ಎಬ್ಬಿಸುತ್ತದೆ. ನೌಕೆ ಯಾವುದು, ಎಲ್ಲಿದೆ ಎಂದು ಯಾರಿಗೂ ಹೇಳುವುದಿಲ್ಲ. 2019ರ ಸೆಪ್ಟೆಂಬರ್‌ನಲ್ಲಿ ವಾಣಿಜ್ಯ ಸೇವೆ ಶುರುವಾಯಿತು.

ಆದರೆ ಅಷ್ಟು ಸೂಕ್ಷ್ಮವಾದ ಸೆನ್ಸರ್ ಪಕ್ಕದಲ್ಲೇ ಬೇಸ್ ಸ್ಟೇಷನ್ ಕೂಗುತ್ತಿದ್ದರೆ ಅದಕ್ಕೆ ಸಮುದ್ರದ ಕಡೆಯ ರಾಡಾರ್ ಕೇಳಿಸದು. ಆದ್ದರಿಂದ ಪ್ರತಿ ಸೆನ್ಸರಿನ ಸುತ್ತ ಹತ್ತಾರು ಕಿಲೊಮೀಟರ್‌ವರೆಗೆ ಪ್ರಸಾರದ ಬಲ ತಗ್ಗಿಸುವ ‘ವಿಸ್ಪರ್ ಜೋನ್’ಗಳು ಬಂದವು. ಕರಾವಳಿಯ ಊರುಗಳಿಗೆ ಇಂಟರ್ನೆಟ್ ಕೊಡಲು ಹೊರಟ ಸಣ್ಣ ಕಂಪನಿಗಳು ಇದರ ವಿರುದ್ಧ ದೂರು ಹೇಳುತ್ತ ಬಂದಿವೆ. ರಾಡಾರ್ ಇಲ್ಲದ ದಿನಗಳಲ್ಲೂ ಅವುಗಳ ಗೋಪುರಕ್ಕೆ ಅಡ್ಡಿಯಾಗಿರುವುದು, ಆ ಪಟ್ಟಿಯನ್ನು ಅವುಗಳಿಗೆ ಬಿಟ್ಟುಕೊಡಲೆಂದೇ ನೆಟ್ಟ ಸೆನ್ಸರು.